ಐದನೇ ಬಾಗಿಲಿನ ಗಿಣಿ

ನಮ್ಮ ಬಚ್ಚಲುಮನೆಯಲ್ಲಿ ಗಡಿಯಾರವಿಲ್ಲ. ಫೋನು ಒಮ್ಮೆ ಬಕೆಟ್ಟಿಗೆ ಬಿದ್ದು ಈಜಾಡಿದ ಮೇಲೆ ಅದಕ್ಕೂ ಅಲ್ಲಿ ಪ್ರವೇಶವಿಲ್ಲ. ನಾನು ಕಲರ್ ಫಿಲ್ಮ್ ತೊಳೆಯುವಾಗ ಹೊತ್ತು ಅಳೆಯುವುದು ಅಜ್ಜಿಯ ಕಥೆ.

ಅದು ಏಳು ಬಾಗಿಲ ಕೋಟೆಯ ಕಥೆ. ರಾಜಕುಮಾರಿ ಒಂದೊಂದು ಬಾಗಿಲು ದಾಟಿದಾಗಲೂ ನಾನು ಫಿಲ್ಮಿನ ಡಬ್ಬಿಯನ್ನು ನಾಲ್ಕು ಸಲ ಮಗುಚುತ್ತೇನೆ. ಏಳನೆಯದು ತೆರೆಯುವ ಹೊತ್ತಿಗೆ ಸರಿಯಾಗಿ ಮೂರೂಕಾಲು ನಿಮಿಷ. ಆಗ ಚಿತ್ರ ಮೂಡಿಸುವ ಮೊದಲ ದ್ರಾವಣ ಡೆವಲಪರನ್ನು ಹೊರಗೆ ಸುರಿದುಬಿಡಬೇಕು; ತಡವಾದರೆ ಚಿತ್ರ ಬೆಳ್ಳಗೆ ಕೆಟ್ಟುಹೋಗುತ್ತದೆ. ಇಪ್ಪತ್ತು ರೋಲು ಹೀಗೇ ತೊಳೆದಿದ್ದೇನೆ. ಅಜ್ಜಿ ಒಮ್ಮೆಯೂ ತಪ್ಪಿಲ್ಲ.

ಇಪ್ಪತ್ತೊಂದನೆಯ ರೋಲಿನಲ್ಲಿದ್ದದ್ದು ಅಜ್ಜಿ ಮತ್ತು ಅಜ್ಜಿಯ ತಂಗಿ. ಎಪ್ಪತ್ತು ವರ್ಷದಿಂದ ಅಕ್ಕತಂಗಿಯರಾದರೂ ಇಬ್ಬರೂ ಜೊತೆಗಿರುವ ಒಂದೇ ಒಂದು ಫೋಟೋ ಇಲ್ಲ. ಚಿಕ್ಕಂದಿನಲ್ಲಿ ಫೋಟೋದವನು ಮನೆಗೆ ಬಂದಾಗ ಒಬ್ಬರು ಮಂಚದ ಕೆಳಗೆ ಅಡಗಿದ್ದರಂತೆ. ಯಾರು ಎಂಬ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಮೊಬೈಲಿನಲ್ಲಿ ತೆಗೆಯುತ್ತೇನೆಂದರೆ ಚಿಕ್ಕಜ್ಜಿ ಸುತರಾಂ ಒಪ್ಪಲಿಲ್ಲ. "ಹೆಬ್ಬೆಟ್ಟಲ್ಲಿ ತಳ್ಳಿದ್ರೆ ಓಡಿಹೋಗೋ ಫೋಟೋ ನಂಗ್ಯಾಕೆ? ಕೈಲಿ ಹಿಡಿಯೋಕೆ ಏನಾದ್ರೂ ಕೊಡು."

ಹಾಗಾಗಿ ನಿನ್ನೆ ಸಂಜೆ ನನ್ನ ಎರಡು ಕಣ್ಣಿನ ಹಳೇ ಪೆಟ್ಟಿಗೆ ಕ್ಯಾಮೆರಾ ಹೊರಗೆ ಬಂತು. ಉಳಿದಿದ್ದದ್ದು ಒಂದೇ ರೋಲು, ಹನ್ನೆರಡು ಚೌಕ ಚಿತ್ರ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಗಾಜಿನಲ್ಲಿ ಎಡ ಬಲವಾಗಿ ಕಾಣುತ್ತದೆ.

"ಇವಳು ಫೋಟೋ ತೆಗೀತಿದಾಳಾ, ಬಿದ್ದಿರೋ ಸೂಜಿ ಹುಡುಕ್ತಿದಾಳಾ?" ಎಂದರು ಚಿಕ್ಕಜ್ಜಿ.

"ಸುಮ್ನೆ ನಿಂತ್ಕೊಳೇ. ಇಲ್ಲಿ ಮಂಚ ಇಲ್ಲ," ಎಂದಳು ಅಜ್ಜಿ.

ಇವತ್ತು ನಾಲ್ಕು ಗಂಟೆಗೆ ಚಿಕ್ಕಜ್ಜಿಯ ಬಸ್ಸು. ಬೆಳಗ್ಗೆಯೇ ಬಕೆಟ್ಟಿಗೆ ಬಿಸಿನೀರು ತುಂಬಿ, ಥರ್ಮಾಮೀಟರು ಮೂವತ್ತೆಂಟಕ್ಕೆ ಬರುವವರೆಗೆ ಕಾದು, ಡೆವಲಪರ್ ಸುರಿದೆ. ಅಜ್ಜಿ ಹೊಸಿಲ ಹೊರಗೆ ಸ್ಟೂಲಿನ ಮೇಲೆ ಕೂತು ಕಥೆ ಶುರುಮಾಡಿದಳು. ಪಕ್ಕದಲ್ಲಿ ಚಿಕ್ಕಜ್ಜಿ. ನಾಲ್ಕು ಬಾಗಿಲು ಸಲೀಸಾಗಿ ತೆರೆದವು.

"ಐದನೇ ಬಾಗ್ಲೂ ದಾಟಿದ್ಲು," ಎಂದಳು ಅಜ್ಜಿ.

"ಹಂಗ್ಹೆಂಗೆ ದಾಟಿದ್ಲು? ಗಿಣಿ ಎಲ್ಲಿ?"

"ಯಾವ ಗಿಣಿಯೇ?"

"ಅಯ್ಯೋ ಅಕ್ಕ! ಅಮ್ಮ ಹೇಳ್ತಿದ್ದ ಗಿಣಿ! ತಾನು ಕೇಳಿರದ ಸುಳ್ಳು ಹೇಳಿದ್ರೆ ಮಾತ್ರ ಬಾಗ್ಲು ತೆಗೀತಿತ್ತಲ್ಲ!"

ಅಜ್ಜಿಯ ಮುಖ ಅರಳಿತು. "ಹೌದಲ್ವಾ! ಮರ್ತೇಬಿಟ್ಟಿದ್ದೆ. ಅದರ ಬಾಲ ಹಸಿರು, ಕೊಕ್ಕು…"

"ಕೊಕ್ಕು ಮುರಿದಿತ್ತು. ರಾಜಕುಮಾರಿ ಎರಡು ಸುಳ್ಳು ಹೇಳಿದ್ಲು. ಗಿಣಿ ಎರಡಕ್ಕೂ 'ಕೇಳಿದೀನಿ, ಕೇಳಿದೀನಿ' ಅಂತು."

"ಮೂರನೇದು?" ಎಂದು ಕೇಳಿದವಳು ನಾನು. ಹುಟ್ಟಿದಾಗಿನಿಂದ ಕೇಳಿದ ಕಥೆಯಲ್ಲಿ ಹೀಗೊಂದು ಗಿಣಿ ಅವಿತಿತ್ತೇ! ಕೈ ತನ್ನ ಪಾಡಿಗೆ ಡಬ್ಬಿ ಮಗುಚುತ್ತಿತ್ತು. ನಾನು ಕೋಟೆಯೊಳಗಿದ್ದೆ.

"'ನನ್ನ ತಂಗಿ ನನ್ ಜೊತೆ ಯಾವತ್ತೂ ಜಗಳ ಆಡಿಲ್ಲ' ಅಂದ್ಲು," ಎಂದಳು ಅಜ್ಜಿ. "ಗಿಣಿ ಬಿದ್ದೂ ಬಿದ್ದೂ ನಕ್ಕು ಬಾಗ್ಲು ತೆಗೀತು."

"ಅದು ನೀನೇ ಈಗ ಹುಟ್ಟಿಸಿದ್ದು!" ಚಿಕ್ಕಜ್ಜಿ ಅಜ್ಜಿಯ ತೊಡೆಗೆ ಹೊಡೆದರು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಆರನೇ ಬಾಗಿಲು, ಏಳನೇ ಬಾಗಿಲು. ಡೆವಲಪರ್ ಹೊರಗೆ ಸುರಿದು ಎರಡನೇ ದ್ರಾವಣ ತುಂಬಿದ ಮೇಲೆ ನನಗೆ ಹೊಳೆಯಿತು, ಇವತ್ತು ಕಥೆ ಉದ್ದವಾಗಿತ್ತು.

"ಅಮ್ಮಾ, ಗಡಿಯಾರ ತಗೊಂಡ್ ಬಾ! ಅಜ್ಜಿ, ಇನ್ನೊಂದ್ಸಲ ಹೇಳು. ಗಿಣಿ, ನಗು ಎಲ್ಲಾ ಸೇರಿಸಿ!"

ಅಮ್ಮ ಅಡುಗೆಮನೆಯ ಗಡಿಯಾರವನ್ನೇ ಮೊಳೆಯಿಂದ ಕಿತ್ತು ತಂದಳು. ನಾಲ್ಕೂಕಾಲು ನಿಮಿಷ. ಒಂದು ನಿಮಿಷ ಹೆಚ್ಚು! ಮುಖಗಳೆಲ್ಲ ಸುಣ್ಣ ಬಳಿದ ಗೋಡೆಯಾಗಿರುತ್ತವೆ.

"ಹೋಯ್ತಾ?" ಚಿಕ್ಕಜ್ಜಿಯ ದನಿ ಸಣ್ಣದಾಯಿತು. "ನಾನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು."

"ನಿಂಗೆ ಅದು ಯಾವತ್ತು ಆಗಿದೆ?" ಎಂದಳು ಅಜ್ಜಿ. ಆದರೆ ತಂಗಿಯ ಕೈ ಹಿಡಿದುಕೊಂಡಳು.

ತೊಳೆದು, ಕಣ್ಣು ಅರ್ಧ ಮುಚ್ಚಿಕೊಂಡೇ ರೀಲನ್ನು ಬಿಚ್ಚಿದೆ. ಹನ್ನೆರಡು ಚೌಕಗಳು. ಪ್ರತಿಯೊಂದರಲ್ಲೂ ಸೀರೆಯ ಅಂಚು, ಕನ್ನಡಕದ ಕಡ್ಡಿ, ನಗುವಿನ ಗೆರೆ, ಎಲ್ಲವೂ ಕೊರೆದಿಟ್ಟಂತೆ ಸ್ಪಷ್ಟ. ಇದು ಹೇಗೆ ಸಾಧ್ಯ? ಓಡಿಹೋಗಿ ಕ್ಯಾಮೆರಾ ಚೀಲ ತಡಕಿದೆ. ಫಿಲ್ಮಿನ ಪೊಟ್ಟಣದ ಮೇಲೆ ವೇಗದ ಅಂಕಿ ನೂರ ಅರವತ್ತು; ಈ ಅಂಕಿ ಹೆಚ್ಚಿದಷ್ಟೂ ಫಿಲ್ಮಿಗೆ ಕಡಿಮೆ ಬೆಳಕು ಸಾಕು. ಬೆಳಕು ಅಳೆಯುವ ಮೀಟರು ಮಾತ್ರ ಹಿಂದಿನ ರೋಲಿನ ನಾನೂರರಲ್ಲೇ ನಿಂತಿತ್ತು. ತಿರುಗಿಸಲು ಮರೆತು, ಬೇಕಾದ ಬೆಳಕಿನ ಅರ್ಧವನ್ನೂ ಕೊಡದೆ ತೆಗೆದಿದ್ದೆ. ಕಥೆ ಎಂದಿನಂತೆ ಮುಗಿದಿದ್ದರೆ ಹನ್ನೆರಡೂ ಮಬ್ಬು. ಹೆಚ್ಚಾದ ಆ ಒಂದು ನಿಮಿಷ ಬೆಳಕಿನ ಕೊರತೆ ತುಂಬಿತ್ತು.

"ಅಂದ್ರೆ ಗಿಣಿ ಕಾಪಾಡ್ತು," ಎಂದರು ಚಿಕ್ಕಜ್ಜಿ, ಗಿಣಿ ತಮ್ಮದೇ ಎಂಬ ಠೀವಿಯಲ್ಲಿ. ಆಮೇಲೆ ನೆಗೆಟಿವನ್ನು ಕಿಟಕಿಗೆ ಹಿಡಿದು ಕೂಗಿದರು, "ಅಕ್ಕಾ! ನಮ್ಮ ಕೂದಲೆಲ್ಲಾ ಕಪ್ಪಾಗಿದೆ!"

"ಮುಖಾನೂ ಕಪ್ಪಾಗಿದೆಯಲ್ಲೇ."

"ಮುಖಕ್ಕೇನು, ಕೂದಲು ನೋಡು!"

ಪ್ರಿಂಟು ಅಂಚೆಯಲ್ಲಿ ಕಳಿಸುತ್ತೇನೆಂದರೂ ಚಿಕ್ಕಜ್ಜಿ ಕೇಳಲಿಲ್ಲ. ಒಣಗಿದ ಮೇಲೆ ಸ್ಕ್ಯಾನ್ ಮಾಡಿಕೊಂಡು, ಮೂರು ಚೌಕಗಳ ಒಂದು ತುಂಡನ್ನು ಕವರಿಗೆ ಹಾಕಿ ಕೊಟ್ಟೆ. ಬಸ್ಸು ಹೊರಡುವ ಮೊದಲೇ ಅವರು ಅದನ್ನು ಬಿಸಿಲಿಗೆ ಹಿಡಿದು ಪಕ್ಕದ ಸೀಟಿನವರಿಗೆ ತೋರಿಸುತ್ತಿದ್ದರು. "ಇವಳು ನಮ್ಮಕ್ಕ. ಮಂಚದ ಕೆಳಗೆ ಅಡಗಿದ್ದೋಳು."

ಮನೆಯ ದಾರಿಯಲ್ಲಿ ಅಜ್ಜಿ ಕೇಳಿದಳು, "ಇನ್ಮೇಲೆ ಗಿಣೀನ ಬಿಟ್ಬಿಡ್ಲಾ ಪುಟ್ಟಿ?"

"ಬೇಡ ಅಜ್ಜಿ, ಇರ್ಲಿ. ನಾನೇ ಬೆಳಕು ಕಮ್ಮಿ ಕೊಟ್ಟು ತೆಗೀತೀನಿ."