ಬಿಸಿ ಹೆಚ್ಚಾದ ಹಗ್ಗ

ಶಿರವಾಡದ ಹಗ್ಗದ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುತ್ತಿದ್ದವಳು ನಿಶಾ. ಮೀನುದೋಣಿಗಳ ನೈಲಾನ್ ಹಗ್ಗವನ್ನು ಎಷ್ಟು ಬಿಸಿಯಲ್ಲಿ, ಯಾವ ವೇಗದಲ್ಲಿ ಹೊಸೆಯಬೇಕೆಂದು ತಿಳಿಯಲು ಅವಳೇ ಪ್ರಯೋಗ ಯೋಜಿಸಿದ್ದಳು. ಬಿಸಿ, ವೇಗ ಬದಲಿಸಿ ಬದಲಿಸಿ ತೆಗೆದ ತುಂಡುಗಳನ್ನು ಯಂತ್ರಕ್ಕೆ ಕಟ್ಟಿ, ಹರಿಯುವ ತನಕ ಎಳೆಸಿದ್ದಳು.

ಹೆಚ್ಚು ಬಿಸಿಯಲ್ಲಿ ಸರಾಸರಿ ಬಲ ಎಲ್ಲಕ್ಕಿಂತ ಜಾಸ್ತಿ ಬಂತು. ಮ್ಯಾನೇಜರ್ ಗುರುಪ್ರಸಾದ ಹಿಗ್ಗಿದ. "ಇದನ್ನೇ ಹಾಕುವಾ."

"ಸರಾಸರಿ ಒಂದೇ ನೋಡಬೇಡಿ ಸರ್. ಕಡಿಮೆ ಬಿಸಿಯಲ್ಲಿ ಎಲ್ಲಾ ತುಂಡೂ ಹೆಚ್ಚುಕಮ್ಮಿ ಒಂದೇ ಬಲಕ್ಕೆ ಹರಿದ್ವು. ಈ ಹೆಚ್ಚು ಬಿಸಿಯಲ್ಲಿ ಒಂದು ತುಂಡು ಕಬ್ಬಿಣ, ಇನ್ನೊಂದು ಬಾಳೆನಾರು. ಬಲದ ಏರುಪೇರು ಎಲ್ಲಾ ಬಿಸಿಗೂ ಒಂದೇ ಅಂದ್ಕಂಡು ಲೆಕ್ಕ ಹಾಕುಕೆ ಬರೂದಿಲ್ಲ. ಏರುಪೇರನ್ನೇ ಬೇರೆಯಾಗಿ ಅಳೆದು ನೋಡಿದೆ. ಬಿಸಿ ಏರಿದ ಹಾಗೆ ಅದೂ ಏರ್ತದೆ."

"ನಿನ್ನ ಪಾಠ ಕೇಳುಕೆ ಪುರುಸೊತ್ತಿಲ್ಲ ಮಾರಾಯ್ತಿ," ಎಂದವನೇ ಬಿಸಿ ಏರಿಸಲು ಹೇಳಿ ಹೋದ.

ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದವು. ಅವರ್ಸಾದ ಮೀನುಗಾರ ಹೊನ್ನ ಬಲೆ ಎಳೆಯುತ್ತಿದ್ದಾಗ ಈ ಕಾರ್ಖಾನೆಯ ಹೊಸ ಹಗ್ಗ ಹರಿದು ಚಾಟಿಯಂತೆ ಮುಖಕ್ಕೆ ಬಡಿಯಿತು. ಎಡಗಣ್ಣು ಹೋಯಿತು.

"ರಿಪೋರ್ಟಿನಲ್ಲಿ ಬಂಡೆಗೆ ಉಜ್ಜಿ ಹರಿದದ್ದು ಅಂತ ಬರೆದುಬಿಡು," ಎಂದ ಗುರುಪ್ರಸಾದ.

ನಿಶಾಳ ಮೈಯೆಲ್ಲ ಉರಿಯಿತು. "ನೀವೇ ಬರ್ಕಳಿ! ಸರಾಸರಿ ಹಗ್ಗ ಅಂತ ಯಾವ್ದೂ ಇಲ್ಲ ಸರ್. ಹೊನ್ನನ ಕೈಯಲ್ಲಿ ಇದ್ದದ್ದು ಒಂದೇ ಹಗ್ಗ!"

ಅಲ್ಲಿಂದ ನೇರ ಅವರ್ಸಾಕ್ಕೆ ಹೋಗಿ ಹೊನ್ನನ ಹೆಂಡತಿ ಕಾಮಿಗೆ ನಡೆದದ್ದನ್ನೆಲ್ಲ ಹೇಳಿದಳು. ಕಾಮಿ ಸಮಾಧಾನಗೊಳ್ಳಲಿಲ್ಲ.

"ಗೊತ್ತಿತ್ತಲ್ಲ ನಿಮಗೆ? ಗೊತ್ತಿದ್ದೂ ದೋಣಿಯವರು ಒಬ್ಬರಿಗೂ ಹೇಳಲಿಲ್ಲ. ಈಗ ಬಂದು ಎಂತಾ ಮಾಡ್ತ್ರಿ?"

ಆ ಸಿಟ್ಟಿಗೆ ತಾನೂ ಕಾರಣಳೆಂದು ನಿಶಾಳಿಗೆ ತಿಳಿಯಿತು. "ಬನ್ನಿ, ಎಲ್ಲರೂ ಹಗ್ಗ ತಕ್ಕಂಡು ಕಾರ್ಖಾನೆಗೆ ಬನ್ನಿ, ನಿಮ್ಮೆದುರೇ ಎಳೆಸಿ ತೋರಿಸ್ತೆ," ಎಂದಳು.

ಮರುದಿನ ಕಾಮಿಯ ಜೊತೆ ಅಂಕೋಲೆ ಕಡೆಯ ದೋಣಿಯವರು ಟೆಂಪೋದಲ್ಲಿ ಹಗ್ಗ ತುಂಬಿಕೊಂಡು ಬಂದು ಗೇಟಿನ ಮುಂದೆ ಸುರಿದರು. ನಿಶಾ ಅವರೆದುರೇ ಯಂತ್ರಕ್ಕೆ ಕಟ್ಟಿ ಎಳೆಸಿದಳು. ಒಂದು ಪೂರ್ತಿ ಭಾರ ತಡೆಯಿತು. ಇನ್ನೊಂದೂ ತಡೆಯಿತು. ಗುರುಪ್ರಸಾದ ನಗತೊಡಗಿದ. ಮುಂದಿನದು ಅರ್ಧ ಭಾರಕ್ಕೇ ಪಟ್ಟನೆ ಹರಿಯಿತು.

"ನಗಿ ಈಗ," ಎಂದಳು ಕಾಮಿ.

ಸಂಜೆಯೊಳಗೆ ಕಾರ್ಖಾನೆಯವರು ಬಿಸಿ ಇಳಿಸಿದರು, ಮಾರಿದ್ದ ಹಗ್ಗವನ್ನೆಲ್ಲ ವಾಪಸು ತರಿಸುವುದಾಗಿ ಬರೆದುಕೊಟ್ಟರು. ನಿಶಾಳನ್ನು ಕೆಲಸದಿಂದ ತೆಗೆದರು. ಹೊನ್ನನ ಚಿಕಿತ್ಸೆಯ ಖರ್ಚಿನ ಮಾತನ್ನು ಯಾರೂ ಎತ್ತಲಿಲ್ಲ. ಅದಕ್ಕಾಗಿ ನಿಶಾ, ಕಾಮಿ ಇಬ್ಬರೂ ಕಾರವಾರದಲ್ಲಿ ವಕೀಲರ ಮನೆ ಹುಡುಕುತ್ತ ನಡೆದರು. ದಾರಿಯುದ್ದಕ್ಕೂ ಕಾಮಿ ಅವಳೊಡನೆ ಒಂದು ಮಾತೂ ಆಡಲಿಲ್ಲ.