ಊಟದ ಸಮಿತಿಯಲ್ಲಿ ಸ್ಥಾಪಕ

ಚಂದ್ರಮೋಹನ್ ಅಂಕಲ್ ಅವರ ಪ್ರೆಸ್ಸಿನಲ್ಲಿ ಜಗತ್ತಿನ ಎಲ್ಲ ಇತಿಹಾಸಕ್ಕೂ ಒಂದೇ ಅಚ್ಚು. ಮೊದಲ ಪುಟದಲ್ಲಿ ಅಧ್ಯಕ್ಷರ ನುಡಿ, ಎರಡನೆಯದರಲ್ಲಿ ಸ್ಥಾಪಕರ ಫೋಟೋ, ಆಮೇಲೆ ಪ್ಲಾಟಿನಂ ಪ್ರಾಯೋಜಕರು, ಕೊನೆಗೆ ಸಮಿತಿಗಳ ಪಟ್ಟಿ. ಸುತ್ತಲಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳೆಲ್ಲ ಚಾಟ್ಸ್‌ವರ್ತ್‌ನ ಈ ಶೆಡ್ಡಿನಲ್ಲೇ ಹುಟ್ಟುತ್ತವೆ. ಪುಟ ಜೋಡಿಸುವವಳು ನಾನು, ಮಂಜುಶ್ರೀ. ಹೆಸರು ಬದಲಿಸಿದರೆ ಸಾಕು, ದೀಪ ಬೆಳಗುವ ಫೋಟೋ ಕೂಡ ಹಳೆಯದೇ ನಡೆಯುತ್ತದೆ ಎಂಬುದು ಅಂಕಲ್ ಸಿದ್ಧಾಂತ.

ಹೀಗಿರುವಾಗ 2024ರಲ್ಲಿ ಉರುಗ್ವೆಯ ಫುಟ್‌ಬಾಲ್ ಕ್ಲಬ್ಬೊಂದು ನಮ್ಮ ಬಾಗಿಲಿಗೆ ಬಂತು. ಹೆಸರು ಮೊಲಿನೋ. ನದಿ ದಡದ ಸಣ್ಣ ಊರಿನದು, ನೂರು ವರ್ಷ ತುಂಬಿತ್ತು. ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ ಆ ಊರಿನವರು ಶತಮಾನೋತ್ಸವದ ಔತಣಕ್ಕೆ ಸಂಚಿಕೆ ತರುವವರಿದ್ದರು.

ಕಾಗದಪತ್ರ ತಂದವರು ಗ್ಲೆಂಡೇಲ್‌ನ ಸೆಲಿಯಾ, ಎಪ್ಪತ್ತೆಂಟು ವರ್ಷದವರು. ಬಿಸ್ಕತ್ತಿನ ಡಬ್ಬದಿಂದ ಕ್ಲಬ್ಬಿನ ಮೊದಲ ನಡಾವಳಿ ಪುಸ್ತಕ ತೆಗೆದು ನನ್ನ ಮುಂದಿಟ್ಟರು.

"ನನ್ನ ತಾತ ಎಲಿಯಾಸ್ ಬ್ರೆಡ್ ಮಾಡ್ತಿದ್ದ. ಕ್ಲಬ್ಬು ಹುಟ್ಟಿದ್ದು ಅವನ ಒಲೆ ಹಿಂದೆ. ಸ್ಥಾಪಕ ಅಂತ ಅವನ ಹೆಸರು ಒಂದು ಸಲ ಅಚ್ಚಾಗಿದ್ದು ನೋಡ್ಬೇಕು. ಇನ್ನೇನೂ ಬೇಡ."

ಸ್ಪ್ಯಾನಿಷಿನಲ್ಲಿದ್ದದ್ದನ್ನು ಅವರು ಇಂಗ್ಲಿಷಿನಲ್ಲಿ ಓದಿ ಹೇಳುತ್ತ ಹೋದರು. ಹನ್ನೊಂದು ಜನ ಹಿಟ್ಟಿನ ಚೀಲಗಳ ಮೇಲೆ ಕೂತು ಸಭೆ ನಡೆಸಿದ್ದರು. ಎಲಿಯಾಸನ ಹೆಂಡತಿ ಆ ಚೀಲಗಳನ್ನೇ ಬಿಚ್ಚಿ ಅಂಗಿ ಹೊಲಿದಳು. ಮೊದಲ ಪಂದ್ಯದಲ್ಲಿ ಗೋಲ್‌ಕೀಪರನ ಬೆನ್ನ ಮೇಲೆ "ಐವತ್ತು ಕಿಲೋ, ಒಣ ಜಾಗದಲ್ಲಿಡಿ" ಎಂದು ಬರೆದಿತ್ತು. ಮಳೆ ಬಂತು, ಒಂಬತ್ತು ಗೋಲು ಬಿದ್ದವು. ನಮ್ಮಜ್ಜಿಯಾಗಿದ್ದರೆ ಇಲ್ಲಿಗೊಂದು ಮಾತಾಡುವ ಗಿಳಿಯನ್ನು ಸೇರಿಸುತ್ತಿದ್ದಳು. ನಾನು ಬಹಳ ಕಷ್ಟಪಟ್ಟು ಸೇರಿಸಲಿಲ್ಲ.

ಆದರೆ ಪ್ಲಾಟಿನಂ ಪ್ರಾಯೋಜಕರು ಡಾಕ್ಟರ್ ಬಸಾನ್, ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯ ದಂತವೈದ್ಯರು. ಅವರ ತಾತ ಆ ಊರಿನ ಜಮೀನ್ದಾರ. ಚೆಂಡು ಕಂಡರೆ ಹಸು ಬೆದರುತ್ತವೆಂದು ಮೊದಲ ವರ್ಷ ಆಟಗಾರರ ಮೇಲೆ ನಾಯಿ ಬಿಟ್ಟವರು; ನಾಲ್ಕನೇ ವರ್ಷ ತಂಡ ಗೆದ್ದಾಗ ಕಪ್ ಹಿಡಿದು ಫೋಟೋ ತೆಗೆಸಿಕೊಂಡವರು. ಫೋಟೋ ಸೊಗಸಾಗಿತ್ತು, ಮೀಸೆ ಇನ್ನೂ ಸೊಗಸು. ಅಂಕಲ್ ನೋಡಿದವರೇ ಎರಡನೇ ಪುಟಕ್ಕೆ ಏರಿಸಿದರು: ಸ್ಥಾಪಕ ಅಧ್ಯಕ್ಷರು.

"ಅಂಕಲ್, ಇವ್ರು ನಾಯಿ ಬಿಟ್ಟವ್ರು!"

"ಬಿಟ್ರೇನಮ್ಮ? ಇಂಟ್ರೆಸ್ಟ್ ತೋರಿಸ್ದಂಗೇ ಅಲ್ವಾ. ಇಗ್ನೋರ್ ಮಾಡ್ಲಿಲ್ವಲ್ಲ."

"ಮತ್ತೆ ಎಲಿಯಾಸ್?"

"ಹಾಕಿದೀನಿ ನೋಡು, ಲಾಸ್ಟ್ ಪೇಜು."

ಕೊನೆಯ ಪುಟದಲ್ಲಿ ಸ್ವಾಗತ ಸಮಿತಿ, ಅಲಂಕಾರ ಸಮಿತಿ, ಪಾರ್ಕಿಂಗ್ ಸಮಿತಿ. ಊರಿನಲ್ಲಿ ಆಗ ಇದ್ದದ್ದು ಎರಡು ಕುದುರೆಗಾಡಿ. ಅದರ ಕೆಳಗೆ, ಊಟದ ಸಮಿತಿ: ಎಲಿಯಾಸ್ ಮತ್ತು ಕುಟುಂಬ.

"ಬೇಕರಿಯವ್ರು ತಾನೇ? ಕರೆಕ್ಟಾಗೇ ಇದೆ."

ಪ್ರೂಫ್ ನೋಡಲು ಬಂದ ಸೆಲಿಯಾ ಆ ಪುಟವನ್ನು ಎರಡು ಸಲ ಓದಿದರು. ಅಂಕಲ್ ಉದಾರವಾಗಿ ಕಾಫಿ ಕೊಡಲು ಹೋದರು. ಅವರು ಮುಟ್ಟಲಿಲ್ಲ.

"ಸ್ಥಾಪಕ ಅಂತ ಅಚ್ಚಾಗಿದ್ದು ನಮ್ಮಪ್ಪ ನೋಡ್ದೇ ಹೋದ. ನಾನೂ ಅಷ್ಟೇ ಅನ್ಸುತ್ತೆ," ಎಂದು ಡಬ್ಬ ಎತ್ತಿಕೊಂಡು ಹೊರಟರು.

ಹಿಂದಿನ ವರ್ಷ ವ್ಯಾಲಿ ಕನ್ನಡ ಕೂಟದ ಹೊಸ ಸಮಿತಿ ತನ್ನ ಸಂಚಿಕೆಯಲ್ಲಿ ಅಂಕಲ್ ಹೆಸರನ್ನು "ಹಿರಿಯ ಹಿತೈಷಿಗಳು" ಎಂಬ ಗುಂಪಿಗೆ ತಳ್ಳಿತ್ತು. ಆರ್ಡರ್ ಆರ್ಡರೇ, ತಮ್ಮ ಅವಮಾನವನ್ನು ತಾವೇ ಬಣ್ಣದಲ್ಲಿ ಮುದ್ರಿಸಿ ಅಂಕಲ್ ಮೂರು ದಿನ ಮಾತು ಬಿಟ್ಟಿದ್ದರು.

"ಅಂಕಲ್, ಕೂಟ ಶುರು ಮಾಡಿದ್ದು ಯಾರು?"

"ನಾನು! ಇನ್ಯಾರು? ನಮ್ಮ ಗ್ಯಾರೇಜಲ್ಲಿ, ಒಂಬತ್ತೇ ಜನ. ಪುಳಿಯೋಗರೆನೂ ನಮ್ಮನೇದೇ."

"ಹಾಗಾದ್ರೆ ನೀವೂ ಊಟದ ಕಮಿಟಿನೇ."

ಅಂಕಲ್ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು, ಓಡುತ್ತಿದ್ದ ಮಷಿನ್ನನ್ನು ತಾವೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ, ಎರಡನೇ ಪುಟ ಎಲಿಯಾಸನದು ಎಂದರು. ಜಾಹೀರಾತು ವಾಪಸ್ ತೆಗೆದುಕೊಳ್ಳುವುದಾಗಿ ಡಾಕ್ಟರು ಹೆದರಿಸಿದರು.

"ತಗೊಳ್ಳಿ," ಎಂದರು ಅಂಕಲ್. ಒಬ್ಬ ಪ್ಲಾಟಿನಂ ಮನುಷ್ಯನಿಗೆ!

"ಅವರ ತಾತನ್ನ ಏನು ಮಾಡ್ಲಿ?" ಎಂದೆ.

"ಸೆಕ್ಯುರಿಟಿ ಕಮಿಟಿಗೆ ಹಾಕು. ನಾಯಿ ಇತ್ತಲ್ಲ."

ಸಂಚಿಕೆಯ ಕಟ್ಟುಗಳೊಂದಿಗೆ ಶನಿವಾರ ಸ್ಯಾನ್ ಡಿಯಾಗೋಕ್ಕೆ ಹೋದೆವು. ಸೆಲಿಯಾ ಬಾಗಿಲಲ್ಲೇ ಒಂದು ಪ್ರತಿ ತೆಗೆದುಕೊಂಡು ಎರಡನೇ ಪುಟ ಬಿಚ್ಚಿದರು. ನನಗೆ ಧನ್ಯವಾದ ಹೇಳುತ್ತಾರೆಂದು ಮುಖ ಸಿದ್ಧಮಾಡಿಕೊಂಡು ನಿಂತಿದ್ದೆ. ಅವರು ನನ್ನನ್ನು ದಾಟಿ ನೇರವಾಗಿ ಡಾಕ್ಟರ್ ಬಸಾನ್ ಕೂತಿದ್ದ ಮೇಜಿಗೆ ಹೋಗಿ, ಅವರ ತಟ್ಟೆ ಸರಿಸಿ, ಪುಟವನ್ನು ಮುಂದಿಟ್ಟರು.

"ಓದಿ."

ಡಾಕ್ಟರು ಸುತ್ತ ನೋಡಿದರು. ಎಲ್ಲರೂ ಇತ್ತಲೇ ನೋಡುತ್ತಿದ್ದರು. ಕೆಮ್ಮಿ ಓದಿದರು: "ಸ್ಥಾಪಕ, ಎಲಿಯಾಸ್. ವೃತ್ತಿ, ಬ್ರೆಡ್ ಮಾಡುವುದು."

"ಇನ್ನೊಂದ್ಸಲ," ಎಂದರು ಸೆಲಿಯಾ, ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತ. "ಆ ಕೊನೇ ಟೇಬಲ್ಲಿನವರಿಗೆ ಕೇಳಿಸ್ಲಿಲ್ಲ."