ಎರಡನೇ ಗುಂಪಿನ ತಾಯಂದಿರು

"ನನಗೆ ಬೇಕಾಗಿರೋದು ಒಂದೇ ಒಂದು ಸಾಲು, ಮೇಡಂ," ಎಂದಳು ಚಿಸೋಮೊ. "ಎರಡನೇ ಗುಂಪಿನ ಶಾಲೆಗಳಿಗೆ ಹಿಟ್ಟು, ಮಾತ್ರೆ ಹಂಚಬಹುದು ಅಂತ ನಿಮ್ಮ ಆಫೀಸಿನ ಮೇಲ್‌ನಿಂದ ಬರೆದು ಕಳಿಸಿ. ತೋರಿಸಿದರೆ ಗೋದಾಮಿನವನು ಬೀಗ ತೆಗೀತಾನೆ. ಅದಿಲ್ಲದೆ ನಾನು ಮುಟ್ಟಿದರೆ ಕಳ್ಳಿ ಆಗ್ತೀನಿ."

ಆಫ್ರಿಕಾದ ಮಲಾವಿಯಲ್ಲಿ ಆಗ ಮಧ್ಯಾಹ್ನ. ಅಮೆರಿಕದ ಮಾರಿಸ್‌ವಿಲ್‌ನ ಟೌನ್‌ಹೌಸಿನ ಅಡುಗೆಮನೆಯಲ್ಲಿ ಇನ್ನೂ ಬೆಳಗಿನ ಕಾಫಿ ಮುಗಿದಿರಲಿಲ್ಲ. ಶ್ರೀಲತಾ ಲ್ಯಾಪ್‌ಟಾಪಿನ ಪರದೆಯಲ್ಲಿ ಚಿಸೋಮೊಳ ಮುಖವನ್ನು ನೋಡುತ್ತ, "ಇವತ್ತೇ ಅಟ್ಲಾಂಟಾಗೆ ಫೋನ್ ಮಾಡಿ ಕೇಳ್ತೀನಿ," ಎಂದಳು.

"ಕೇಳೋದಾ?" ಚಿಸೋಮೊ ನಕ್ಕಳು. "ಕೇಳಿದರೆ ಇಲ್ಲ ಅಂತಾರೆ ಮೇಡಂ. ಅದಕ್ಕೇ ನಿಮಗೆ ಹೇಳಿದ್ದು."

ಮೂರು ವರ್ಷದಿಂದ ಚಿಸೋಮೊ ಅಲ್ಲಿನ ಒಂದು ಜಿಲ್ಲೆಯಲ್ಲಿ ಶ್ರೀಲತಾ ದುಡಿಯುವ ಸಂಸ್ಥೆಯ ಅಧ್ಯಯನದ ಮೇಲ್ವಿಚಾರಕಿ. ಅವಳು ಕಳಿಸುವ ಅಂಕಿಗಳನ್ನು ಇಲ್ಲಿ ಕುಳಿತು ವಿಶ್ಲೇಷಿಸುವವಳು ಶ್ರೀಲತಾ. ದೊಡ್ಡವರಾಗುತ್ತಿರುವ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ದಿನವೂ ಸೋಯಾ ಬೆರೆಸಿದ ಮುಸುಕಿನ ಜೋಳದ ಗಂಜಿ, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಅವರ ರಕ್ತಹೀನತೆ ಕಡಿಮೆಯಾಗುತ್ತದೆಯೇ, ಅವರು ಶಾಲೆ ಬಿಡದೆ ಉಳಿಯುತ್ತಾರೆಯೇ ಎಂಬುದು ಅಧ್ಯಯನದ ಪ್ರಶ್ನೆ. ಅದನ್ನು ತಿಳಿಯಲು ಶಾಲೆಗಳನ್ನು ಎರಡು ಪಾಲು ಮಾಡಿದ್ದರು. ಮೊದಲ ಗುಂಪಿಗೆ ಕೂಡಲೇ, ಎರಡನೇ ಗುಂಪಿಗೆ ಮೂರು ವರ್ಷದ ನಂತರ. ಅಷ್ಟರವರೆಗೆ ಎರಡನೇ ಗುಂಪಿನ ಹುಡುಗಿಯರೂ ವರ್ಷಕ್ಕೊಮ್ಮೆ ಬೆರಳು ಚುಚ್ಚಿಸಿಕೊಂಡು ರಕ್ತ ಕೊಡಬೇಕು, ತೂಕ, ಎತ್ತರ ಅಳೆಸಿಕೊಳ್ಳಬೇಕು. ಹೋಲಿಸಿ ನೋಡಲು ಅವರು ಬೇಕು.

ಯಾರಿಗೆ ಮೊದಲು ಎಂಬುದನ್ನು ಸಂಶೋಧಕರು ತೀರ್ಮಾನಿಸುವಂತಿಲ್ಲ. ಊರವರೆದುರಿಗೇ ಚೀಟಿ ಎತ್ತಿಸಬೇಕು. ಆ ಒಂದು ಸಲ ಶ್ರೀಲತಾ ಅಲ್ಲಿಗೆ ಹೋಗಿದ್ದಳು. ನೀಲಿ ಬಕೆಟ್ಟಿನಿಂದ ಊರ ಹಿರಿಯಳೊಬ್ಬಳು ಒಂದೊಂದೇ ಚೀಟಿ ತೆಗೆಯುತ್ತಿದ್ದಳು. ತಮ್ಮ ಶಾಲೆಯ ಹೆಸರು ಬಂದಾಗ ತಾಯಂದಿರು ಎದ್ದು ಕುಣಿಯುತ್ತಿದ್ದರು. ಬರದವರು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ಅವರಿಗೆ ಹೇಳಬೇಕಾದ ಮಾತನ್ನು ಶ್ರೀಲತಾಳೇ ಹೇಳಿದ್ದಳು: ಮೊದಲು ಅವರು, ಆಮೇಲೆ ನೀವು. ಚಿಸೋಮೊ ಅದನ್ನು ಅವರ ಭಾಷೆಗೆ ತಂದಿದ್ದಳು.

ಈ ಏಪ್ರಿಲ್‌ಗೆ ಅವರ ಸರದಿ. ಹಿಟ್ಟಿನ ಚೀಲಗಳು, ಮಾತ್ರೆಗಳು ಆಗಲೇ ಗೋದಾಮು ಸೇರಿದ್ದವು. ಆದರೆ ೨೦೨೫ರ ಆರಂಭದಲ್ಲೇ, ಅಧ್ಯಯನಕ್ಕೆ ಹಣ ಕೊಡುತ್ತಿದ್ದ ವಾಷಿಂಗ್ಟನ್ನಿನಿಂದ ವಿದೇಶಿ ನೆರವಿನ ಕೆಲಸಗಳನ್ನು ನಿಲ್ಲಿಸುವ ಆದೇಶ ಬಂದಿತ್ತು. ಇದ್ದದ್ದು ಇದ್ದಲ್ಲೇ ಇರಬೇಕು, ಯಾರೂ ಏನನ್ನೂ ಮುಟ್ಟಬಾರದು ಎಂದು ಸಂಸ್ಥೆಯ ವಕೀಲರು ಎಲ್ಲರಿಗೂ ತಿಳಿಸಿದ್ದರು.

ಅಟ್ಲಾಂಟಾದಲ್ಲಿ ಮಕ್ಸೂದಾ ಮೊದಲ ರಿಂಗಿಗೇ ಫೋನ್ ಎತ್ತಿಕೊಂಡಳು. ಅಧ್ಯಯನದ ಮುಖ್ಯಸ್ಥೆ ಅವಳೇ. ಇಬ್ಬರೂ ಮೈಸೂರಿನವರು. ಶ್ರೀಲತಾ ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಮುಗಿಸಿ ಬಂದಾಗ, ಅಷ್ಟು ವರ್ಷ ಮನೆಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳದೆ ಕೆಲಸ ಕೊಟ್ಟವಳು ಮಕ್ಸೂದಾ.

"ಬರೀತೀನಿ ಅಂದುಬಿಟ್ಯಾ ಅವಳಿಗೆ?"

"ಇನ್ನೂ ಇಲ್ಲ ಆಪಾ."

"ಬಚಾವಾದೆ. ಬರೀಬೇಡ. ಕೈ ಎರಡನ್ನೂ ತೊಡೆ ಕೆಳಗೆ ಇಟ್ಕೊಂಡು ಕೂತ್ಕೋ."

"ಹಿಟ್ಟಿಗೆ ಹುಳ ಬೀಳುತ್ತೆ ಆಪಾ. ಅಲ್ಲಿ ಈಗ ಮಳೆ."

"ಗೊತ್ತು ಕಣೇ. ನಿನಗೊಬ್ಬಳಿಗೇನಾ ಹೊಟ್ಟೆ ಉರಿಯೋದು? ಈ ಪ್ರಪೋಸಲ್ ಮೂರು ಸಲ ರಿಜೆಕ್ಟ್ ಆಗಿ, ಮೂರು ಸಲ ಬರೆದವಳು ನಾನು." ಮಕ್ಸೂದಾ ದನಿ ತಗ್ಗಿಸಿದಳು. "ನೋಡು ಲತಾ, ಇಂಥ ಸಾಮಾನಿಗೆ ಸ್ಪೆಷಲ್ ಪರ್ಮಿಷನ್ ಕೇಳಬಹುದಂತೆ. ಇವತ್ತೇ ಅಪ್ಲೈ ಮಾಡ್ತೀನಿ. ರೆಸ್ಟನ್‌ನ ನಮ್ಮ ಹೆಡ್ ಆಫೀಸಿಂದ ಮೇಲಕ್ಕೆ ಹೋಗುತ್ತೆ. ಸರಿಯಾದ ದಾರೀಲೇ ಹೋಗೋಣ. ಶುಕ್ರವಾರದವರೆಗೆ ಕಾಯಿ."

"ಶುಕ್ರವಾರ ಬಂದೇ ಬರುತ್ತಾ?"

"ಶುಕ್ರವಾರ ಬಂದೇ ಬರುತ್ತೆ. ಪರ್ಮಿಷನ್ ಬರುತ್ತೋ ಇಲ್ವೋ ನೋಡೋಣ," ಎಂದು ಮಕ್ಸೂದಾ ನಕ್ಕಳು. ಆ ನಗುವಿನಲ್ಲಿ ಜೀವವಿರಲಿಲ್ಲ.

ಸಂಜೆ ಗಂಡ ಗುರುದತ್ ಸಿಂಕಿನ ಮುಂದೆ ನಿಂತು ಪಾತ್ರೆಗಳನ್ನು ನೀರಿನಲ್ಲಿ ಅದ್ದಿ ಡಿಷ್‌ವಾಷರಿಗೆ ಜೋಡಿಸುತ್ತ ಎಲ್ಲವನ್ನೂ ಕೇಳಿದ. ಅವನ ಕೆಲಸ ಹೋಗಿ ವರ್ಷವಾಗಿತ್ತು. ಈಗ ಶ್ರೀಲತಾಳ ವೀಸಾದ ಆಸರೆಯಲ್ಲಿ ಇಡೀ ಮನೆ ನಿಂತಿತ್ತು.

"ನೀನು ಸ್ಟ್ಯಾಟಿಸ್ಟಿಷಿಯನ್ನೋ, ರೇಷನ್ ಅಂಗಡಿ ಇಟ್ಟಿದ್ಯೋ?" ಎಂದ. "ಹಿಟ್ಟು ಹಂಚೋ ಜವಾಬ್ದಾರಿ ನಿಂದು ಹೇಗಾಯ್ತು?"

"ನಾನು ಮಾತು ಕೊಟ್ಟಿದ್ದೆ."

"ಆಫೀಸು ಕೊಟ್ಟಿತ್ತು. ನೀನು ಓದಿ ಹೇಳಿದೆ ಅಷ್ಟೆ. ಲತಾ, ಲೇಆಫ್ ಆದ್ರೆ ಇಲ್ಲಿರೋಕೆ ಎರಡು ತಿಂಗಳು ಟೈಮ್ ಇರುತ್ತೆ, ಬೇರೆ ಕಡೆ ಹುಡುಕ್ಬಹುದು. ಆರ್ಡರ್ ಮೀರಿದಳು ಅಂತ ತೆಗೆದುಹಾಕಿದ್ರೆ ಯಾರು ತಗೋತಾರೆ? ಮಗಳು ಕಾಲೇಜು ಮುಗಿಸೋವರೆಗಾದ್ರೂ ಸುಮ್ಮನಿರು. ಎಷ್ಟು ವರ್ಷದಿಂದ ಗ್ರೀನ್ ಕಾರ್ಡ್ ಸಾಲಲ್ಲಿ ನಿಂತಿದ್ದೀವಿ ನಾವು!"

"ಅವರೂ ಸಾಲಲ್ಲೇ ನಿಂತಿದ್ದಾರೆ."

"ಅವರನ್ನ ಯಾರೂ ಅವರ ಮನೆಯಿಂದ ಓಡಿಸಲ್ಲ ಕಣೇ," ಎಂದ ಗುರುದತ್, ಬೆನ್ನು ತಿರುಗಿಸಿಕೊಂಡೇ.

ಅವನು ಹೇಳಿದ್ದು ಸುಳ್ಳಲ್ಲ. ಅದೇ ಅವಳಿಗೆ ಸಂಕಟವಾದದ್ದು. ಮದುವೆಯಾಗಿ ಈ ದೇಶಕ್ಕೆ ಬಂದ ಹೊಸತರಲ್ಲಿ ಅವಳಿಗೆ ದುಡಿಯುವ ಅನುಮತಿ ಇರಲಿಲ್ಲ, ಓದುವುದಕ್ಕೆ ಹಣವಿರಲಿಲ್ಲ. ಮೊದಲು ನಂದೊಂದು ಸೆಟ್ಲ್ ಆಗ್ಲಿ, ಆಮೇಲೆ ಎಲ್ಲಾ ನಿಂದೇ ಎಂದು ಗುರುದತ್ ಪ್ರೀತಿಯಿಂದಲೇ ಹೇಳುತ್ತಿದ್ದ. ಅವಳ ಸರದಿ ಬಂದಿತ್ತು, ನಿಜ. ಬರುವಷ್ಟರಲ್ಲಿ ಕೂದಲು ಬೆಳ್ಳಗಾಗಿತ್ತು, ಆಸೆಪಟ್ಟ ವಿಷಯಗಳಲ್ಲಿ ಅರ್ಧ ಮರೆತುಹೋಗಿತ್ತು. ಕಾದದ್ದಕ್ಕೆ ಯಾರ ಮೇಲೂ ಅವಳಿಗೆ ಸಿಟ್ಟಿರಲಿಲ್ಲ. ಕಾಯುವುದು ಅವಳಿಗೆ ಬರುತ್ತಿದ್ದ ವಿದ್ಯೆ.

ಶುಕ್ರವಾರ ಬಂತು. ರೆಸ್ಟನ್‌ನಲ್ಲಿ ಅರ್ಜಿ ನೋಡಬೇಕಾದವರನ್ನೇ ಆ ವಾರ ಕೆಲಸದಿಂದ ತೆಗೆದಿದ್ದರು. ಮಕ್ಸೂದಾ ಇನ್ನೊಬ್ಬರಿಗೆ ಕಳಿಸಿದಳು. ಇನ್ನೊಂದು ಶುಕ್ರವಾರ ಬಂತು. ಹೊರಗೆ ಪೈನ್ ಮರಗಳ ಪರಾಗ ಉದುರಿ ಕಾರುಗಳ ಮೇಲೆ, ಮೆಟ್ಟಿಲುಗಳ ಮೇಲೆ ಅರಿಸಿನದಂತೆ ಕೂತಿತ್ತು. ಚಿಸೋಮೊ ಒಂದೆರಡು ಸಲ ವಾಟ್ಸಾಪಿನಲ್ಲಿ ಕೇಳಿದಳು: "ಏನಾದರೂ ತಿಳಿಯಿತಾ?" ಶ್ರೀಲತಾ "ಅರ್ಜಿ ಹೋಗಿದೆ" ಎಂದು ಬರೆದಳು. ಮೂರನೆಯ ಸಲ ಚಿಸೋಮೊ ಕೇಳಲಿಲ್ಲ.

ಆ ಸಾಲನ್ನು ಶ್ರೀಲತಾ ಬರೆದಿದ್ದಳು. ಬರೆದು, ಕಳಿಸದೆ, ಆಫೀಸಿನ ಮೇಲ್‌ನಲ್ಲಿ ಹಾಗೇ ಇಟ್ಟಿದ್ದಳು. ದಿನಕ್ಕೊಮ್ಮೆ ತೆರೆದು ಓದುತ್ತಿದ್ದಳು. ಒಂದು ದಿನ 'ಹಂಚಿ' ಎಂದಿದ್ದದ್ದನ್ನು 'ಹಂಚಬಹುದು' ಎಂದು ತಿದ್ದಿದಳು. ಮರುದಿನ ಮತ್ತೆ 'ಹಂಚಿ' ಎಂದು ಮಾಡಿದಳು. ಅನುಮತಿ ಕೇಳಿ ಕಾಯುವುದರಲ್ಲಿ ಒಂದು ಬಗೆಯ ನೆಮ್ಮದಿಯಿತ್ತು. ಉತ್ತರ ಬರುವವರೆಗೆ ಯಾರೂ ತಪ್ಪು ಮಾಡಿದವರಲ್ಲ. ಉತ್ತರ ಬರುವುದು ತಡವಾದಷ್ಟೂ ಒಳ್ಳೆಯದು ಎಂದು ತನ್ನೊಳಗೆ ಯಾರೋ ಹೇಳುತ್ತಿರುವುದು ಕೇಳಿಸಿದಾಗ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಕಾದಳು.

ಬೇರೆ ಕೆಲಸವಿರಲಿಲ್ಲವಾದ್ದರಿಂದ ಆ ದಿನಗಳಲ್ಲಿ ಮೂರು ವರ್ಷದ ಅಂಕಿಗಳನ್ನು ಕೊನೆಯ ಸಲ ಒಟ್ಟುಗೂಡಿಸಿದಳು. ಯಾರೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಫಲಿತಾಂಶ ಪರದೆಯ ಮೇಲೆ ಮೂಡಿತು. ತಪ್ಪಿರಬಹುದೆಂದು ಮತ್ತೆ ಮಾಡಿದಳು. ತಪ್ಪಿರಲಿಲ್ಲ. ಗಂಜಿ ಕುಡಿದ ಹುಡುಗಿಯರಲ್ಲಿ ರಕ್ತಹೀನತೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅವರಲ್ಲಿ ಬಹುಪಾಲು ಇನ್ನೂ ಶಾಲೆಯಲ್ಲಿದ್ದರು. ಎರಡನೇ ಗುಂಪಿನಲ್ಲಿ ಹಿಮೋಗ್ಲೋಬಿನ್ ಮಟ್ಟದ ಗೆರೆ ಮೂರು ವರ್ಷವೂ ಅಲುಗದೆ ಕೆಳಗೇ ಮಲಗಿತ್ತು. ಎಷ್ಟೋ ಹುಡುಗಿಯರು ಶಾಲೆ ಬಿಟ್ಟಿದ್ದರು, ಮದುವೆಯಾಗಿದ್ದರು. ಕೆಲವರು ಬಸುರಿಯಾಗಿದ್ದರು. ಇಷ್ಟು ಸ್ಪಷ್ಟವಾದ ಉತ್ತರ ಅವಳ ಕೆಲಸದಲ್ಲಿ ಹಿಂದೆಂದೂ ಬಂದಿರಲಿಲ್ಲ.

ಎರಡು ಗೆರೆಗಳನ್ನು ನೋಡುತ್ತ ತುಂಬ ಹೊತ್ತು ಕೂತಳು. ಆಮೇಲೆ ನಾಳೆ ಕಳಿಸಿಬಿಡುತ್ತೇನೆ ಎಂದುಕೊಂಡಳು. ಗುರುದತ್‌ಗೆ ಹೇಳಬಾರದು, ಆಪಾಗೆ ಹೇಳಬಾರದು. ಎದ್ದ ಕೂಡಲೇ ಕಳಿಸಿಬಿಡುವುದು.

ಮರುದಿನ ಎದ್ದು, ಮುಖ ತೊಳೆದು, ಲ್ಯಾಪ್‌ಟಾಪ್ ತೆರೆದಳು. ಪಾಸ್‌ವರ್ಡ್ ತಪ್ಪು ಎಂದಿತು. ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದಳು. ಮತ್ತೆ ತಪ್ಪು ಎಂದಿತು. ಅಷ್ಟರಲ್ಲಿ ಮಕ್ಸೂದಾಳ ಫೋನ್ ಬಂತು.

"ನಿಂದೂ ಹೋಯ್ತಾ?"

"ಒಳಗೆ ಬಿಡ್ತಿಲ್ಲ ಆಪಾ."

"ನಂದೂ ಹೋಯ್ತು. ಇಡೀ ಪ್ರಾಜೆಕ್ಟ್ ಟರ್ಮಿನೇಟ್ ಆಗಿದೆ. ಎಲ್ಲಾರನ್ನೂ ತೆಗೆದಿದ್ದಾರೆ. ಪರ್ಸನಲ್ ಮೇಲ್‌ಗೆ ಕಾಗದ ಕಳಿಸಿದ್ದಾರಂತೆ, ನೋಡ್ಕೋ. ಹದಿನೆಂಟು ವರ್ಷ ಲತಾ. ನನ್ನ ಟೇಬಲ್ ಮೇಲಿನ ಗಿಡ ತಗೊಳ್ಳೋಕೂ ಬಿಡಲ್ವಂತೆ, ಕೊರಿಯರ್ ಮಾಡ್ತಾರಂತೆ. ಗಿಡಾನ ಕೊರಿಯರ್ ಮಾಡ್ತಾರಾ ಯಾರಾದ್ರೂ?"

ಶ್ರೀಲತಾ ಫೋನ್ ಇಟ್ಟ ಮೇಲೆ ತನ್ನ ಸ್ವಂತ ಮೇಲ್ ತೆರೆದು ಅದೇ ಸಾಲನ್ನು ಬರೆದು ಚಿಸೋಮೊಗೆ ಕಳಿಸಿದಳು. ಈಗ ಕೈ ತಡೆಯಲಿಲ್ಲ. ಹೆದರಲು ಏನೂ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಚಿಸೋಮೊಳೇ ಕರೆ ಮಾಡಿದಳು.

"ಬಂತು ಮೇಡಂ. ಆದರೆ ಇದರಲ್ಲಿ ಆಫೀಸಿನ ಹೆಸರಿಲ್ಲ. ಗೋದಾಮಿನವನು ಒಪ್ಪಲ್ಲ. ನಿನ್ನೆಯೇ ಬೇರೆ ಬೀಗ ಹಾಕಿದ್ದಾರೆ. ಎಲ್ಲಾನೂ ನಾಶ ಮಾಡಬೇಕು ಅಂತ ಆರ್ಡರ್ ಬಂದಿದೆಯಂತೆ."

"ಹೋದ ವಾರ ಕಳಿಸಿದ್ದಿದ್ದರೆ?"

ಚಿಸೋಮೊ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಹೋದ ವಾರ ಕಳಿಸಿದ್ದಿದ್ದರೆ ತೆಗೀತಿದ್ದ," ಎಂದಳು.

ಅಡುಗೆಮನೆಯ ಮೇಲೆ ವಿಮಾನವೊಂದು ತಗ್ಗಿನಲ್ಲಿ ಹಾರಿಹೋಯಿತು. ಸದ್ದು ಅಡಗುವವರೆಗೆ ಇಬ್ಬರೂ ಕಾದರು.

"ನಾನೀಗ ಶಾಲೆಯಲ್ಲಿದ್ದೀನಿ," ಎಂದಳು ಚಿಸೋಮೊ. "ತಾಯಂದಿರನ್ನ ಕರೆಸಿದ್ದೀನಿ. ನಮ್ಮ ಸರದಿ ಬಂತು ಅಂದುಕೊಂಡೇ ಬಂದಿದ್ದಾರೆ, ಕೆಲವರು ಪಾತ್ರೆ ಹಿಡ್ಕೊಂಡು. ನನಗೂ ಕೆಲಸ ಹೋಯ್ತು ಮೇಡಂ. ಆದರೆ ನಾನು ಈ ಊರಲ್ಲೇ ಬದುಕಬೇಕು. ಏನು ಹೇಳಲಿ ಅವರಿಗೆ?"

"ನಾನೇ ಹೇಳ್ತೀನಿ. ಅವರ ಕಡೆ ತಿರುಗಿಸು."

ಪರದೆ ಅಲುಗಿತು. ಗಾಜಿಲ್ಲದ ಕಿಟಕಿಗಳು, ಸಿಮೆಂಟಿನ ನೆಲ, ನೆಲದ ಮೇಲೆ ಕಾಲು ಚಾಚಿ ಕೂತ ಹೆಂಗಸರು. ಶ್ರೀಲತಾಳಿಗೆ ಯಾರ ಗುರುತೂ ಹತ್ತಲಿಲ್ಲ. ಅವಳು ಹೇಳಿದಳು: ಕೆಲಸ ನಿಂತುಹೋಗಿದೆ. ಹಿಟ್ಟು ಬರುವುದಿಲ್ಲ, ಮಾತ್ರೆಯೂ ಬರುವುದಿಲ್ಲ. ಕೊಡುತ್ತೇವೆ ಎಂದು ಹೇಳಿದ್ದೆವು, ಕೊಡಲಾಗಲಿಲ್ಲ. ತಪ್ಪು ನಮ್ಮದು. ಚಿಸೋಮೊ ವಾಕ್ಯ ವಾಕ್ಯವನ್ನೂ ತಿರುಗಿಸಿ ಹೇಳಿದಳು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಶ್ರೀಲತಾಳಿಗೆ. ಹಿಂದಿನ ಸಾಲಿನಲ್ಲಿ ಯಾರೋ ಏನೋ ಕೇಳಿದರು. "ನಮ್ಮ ಹುಡುಗಿಯರು ರಕ್ತ ಕೊಡೋದರಲ್ಲಿ ಏನಾದರೂ ಹೆಚ್ಚುಕಮ್ಮಿ ಮಾಡಿದರಾ ಅಂತ ಕೇಳ್ತಿದ್ದಾರೆ," ಎಂದಳು ಚಿಸೋಮೊ.

"ಇಲ್ಲ, ಇಲ್ಲ. ಅವರು ಎಲ್ಲಾ ಸರಿಯಾಗಿ ಮಾಡಿದರು."

ಮುಂದೆ ಕೂತಿದ್ದ, ಹಸಿರು ಬಟ್ಟೆಯಿಂದ ತಲೆ ಬಿಗಿದುಕೊಂಡಿದ್ದ ಹೆಂಗಸೊಬ್ಬಳು ಮಾತಾಡಿದಳು. ಅವಳ ಪಕ್ಕದಲ್ಲಿ ತುಂಬಿದ ಬಸುರಿ ಹುಡುಗಿಯೊಬ್ಬಳು ಗೋಡೆಗೊರಗಿ ಕೂತಿದ್ದಳು.

"ಆ ಶಾಲೆ ಹುಡುಗಿಯರಿಗೆ ಕೊಟ್ಟಿರಲ್ಲ, ಅದು ಒಳ್ಳೇದಾಯ್ತಾ ಅಂತ ಕೇಳ್ತಿದ್ದಾಳೆ."

ಇನ್ನೂ ತಿಳಿದಿಲ್ಲ ಎನ್ನಬಹುದಿತ್ತು. ಪ್ರಕಟವಾಗದ ಫಲಿತಾಂಶದ ಬಗ್ಗೆ ಹಾಗೆನ್ನುವುದೇ ರೂಢಿ.

"ಹೌದು," ಎಂದಳು ಶ್ರೀಲತಾ. "ತುಂಬ ಒಳ್ಳೇದಾಯ್ತು. ಅವರ ರಕ್ತ ಸುಧಾರಿಸಿದೆ. ಶಾಲೆಗೆ ಹೋಗ್ತಿದ್ದಾರೆ."

ಅದನ್ನು ಕೇಳಿ ಹೆಂಗಸು ತಲೆದೂಗಿದಳು. ಯೋಚಿಸಿದಳು. ಮತ್ತೆ ಏನೋ ಕೇಳಿದಳು, ಮೆಲ್ಲನೆ, ನಿಜವಾಗಿಯೂ ತಿಳಿಯಬೇಕೆಂಬಂತೆ. ಚಿಸೋಮೊ ಕೂಡಲೇ ಅನುವಾದಿಸಲಿಲ್ಲ.

"ಏನಂತೆ ಚಿಸೋಮೊ?"

"ಅದು ಆ ಗಂಜಿಯಿಂದಲೇ ಆಗಿದ್ದು ಅಂತ ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ದಾಳೆ."

ಶ್ರೀಲತಾ ಇಪ್ಪತ್ತು ಸಲ ಸಭೆಗಳಲ್ಲಿ ಚಿತ್ರ ತೋರಿಸಿ ವಿವರಿಸಿದ್ದ ವಿಷಯ. ಈಗ ಅದಕ್ಕೆ ಚಿಕ್ಕದೊಂದು ಉತ್ತರವಷ್ಟೇ ಇತ್ತು.

"ನಿಮ್ಮ ಹೆಣ್ಣುಮಕ್ಕಳನ್ನ ನೋಡಿ ಗೊತ್ತಾಯ್ತು," ಎಂದಳು.

"ಹಾಗೇ ಹೇಳಲಾ ಮೇಡಂ?"

"ಹಾಗೇ ಹೇಳು."

ಚಿಸೋಮೊ ಆ ಹೆಂಗಸಿನ ಕಡೆ ತಿರುಗಿ ಹೇಳತೊಡಗಿದಳು. ಬೆನ್ನ ಹಿಂದೆ ಗುರುದತ್ ಬಂದು ನಿಂತದ್ದು ಶ್ರೀಲತಾಳಿಗೆ ತಿಳಿಯಿತು. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.